ಮರಳೋ ಮರುಳೋ

ಒಂದೇ ಒಂದು ಕೊಂಬಿನ ದೆಸೆಯಿಂದ ಭೂಗೋಳದ ಮೇಷ್ಟ್ರು ಕೊಲೆ ಮಾಡಲು ಹೊರಟರು. ಎಮ್ಮೆಯ ಕೊಂಬಲ್ಲ, ಅಕ್ಷರದ ಕೊಂಬು. ನಡೆದದ್ದು ಮಾವನ ಮನೆಯ ಊಟದ ಮೇಜಿನಲ್ಲಿ. ಮಾವನ ಹುಟ್ಟುಹಬ್ಬಕ್ಕೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಮೊಮ್ಮಕ್ಕಳು, ಅಕ್ಕಪಕ್ಕದ ಮನೆಯವರು ಎಲ್ಲ ಸೇರಿದ್ದರು. ಹಿರಿಯಳಿಯನಾದ ಮೇಷ್ಟ್ರು, ಕೈ ಒಣಗಿದರೂ ಎದ್ದು ತೊಳೆಯದೆ, ಗಾಳಿಗೆ ಮರಳು ದಿಬ್ಬಗಳು ಹೇಗೆ ಜಾಗ ಬದಲಾಯಿಸುತ್ತವೆ ಎಂದು ವಿವರಿಸುತ್ತಿದ್ದರು. ಶಾಲೆಯಲ್ಲಿ ಅವರಿಗೆ ಮರಳು ಮೇಷ್ಟ್ರು ಎಂದೇ ಹೆಸರು. ಮರುಭೂಮಿಯ ಪಾಠ ಬಂತೆಂದರೆ ಅವರಿಗೆ ಮೈಮೇಲೆ ಖಬರಿರುತ್ತಿರಲಿಲ್ಲ. ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆಗ ಕಿರಿಯಳಿಯ, ಅಂದರೆ ಮೇಷ್ಟ್ರ ಷಡ್ಡಕ, ನೀರು ಕುಡಿದು ಲೋಟ ಕೆಳಗಿಟ್ಟ.

“ಮೇಷ್ಟ್ರೇ, ಒಂದು ಡೌಟು. ನೀವು ಮರಳುಗಾಡು ಕಣ್ಣಾರೆ ನೋಡಿದೀರಾ?”

“ನೋಡಿಲ್ಲ. ಅದಕ್ಕೇನೀಗ?”

“ಏನಿಲ್ಲ. ನೋಡದೇನೇ ಇಷ್ಟು ಹೊತ್ತು ಮಾತಾಡ್ತೀರಲ್ಲ, ನಿಮ್ಮ ಹೆಸರಲ್ಲಿ ಒಂದು ಕೊಂಬು ಬಿಟ್ಟುಹೋಗಿದೆ ಅನ್ಸುತ್ತೆ. ಮರಳು ಮೇಷ್ಟ್ರಲ್ಲ ನೀವು. ಮರುಳು ಮೇಷ್ಟ್ರು.”

ಮಾವ ನಕ್ಕು ನಕ್ಕು ಕೆಮ್ಮಿದರು. ಮೊಮ್ಮಕ್ಕಳು ಮೇಜು ಬಡಿದರು. ಮೇಷ್ಟ್ರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಾಯಿಬಿಟ್ಟು ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರಿಂದ ಮಾತು ಊರೆಲ್ಲ ಹಬ್ಬಿ, ರಜೆ ಮುಗಿಸಿ ಶಾಲೆಗೆ ಹೋದಾಗ ಕರಿಹಲಗೆಯ ಮೇಲೆ ಯಾರೋ ದೊಡ್ಡದಾಗಿ ‘ಮರಳು’ ಎಂದು ಬರೆದು, ರ ಅಕ್ಷರಕ್ಕೆ ಕೆಂಪು ಸೀಮೆಸುಣ್ಣದಲ್ಲಿ ಕೊಂಬು ಕೊಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಡಂ “ಬನ್ನಿ ಮರು… ಮರಳು ಮೇಷ್ಟ್ರೇ” ಎಂದು ತೊದಲಿದರು. ಅದು ತೊದಲಲ್ಲ ಎಂದು ಗೋಡೆಗೂ ಗೊತ್ತಿತ್ತು.

ಷಡ್ಡಕನದು ಹಾಸಿಗೆ ಅಂಗಡಿ. ಗಿರಾಕಿ ಬಂದರೆ ತಾನೇ ಹಾಸಿಗೆಯ ಮೇಲೆ ಧೊಪ್ಪನೆ ಬಿದ್ದು, ಗೊರಕೆಯನ್ನೂ ಹೊಡೆದು ತೋರಿಸುವ ಆಸಾಮಿ. ಅಂಗಡಿಯ ಬೋರ್ಡಿನ ಮೇಲೆ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಡಿ, ಕಾಲಿದ್ದಷ್ಟು ಹಾಸಿಗೆ ಕೊಳ್ಳಿ’ ಎಂದು ಬರೆಸಿದ್ದ. ಹಿರಿಯರ ಗಾದೆಯನ್ನು ಹೀಗೆ ತಲೆಕೆಳಗು ಮಾಡಿದವನಿಗೆ ಊರೆಲ್ಲ ನೆಂಟರು. ಮಾವನ ಸೊಂಟನೋವಿಗೆ ಪುಕ್ಕಟೆ ಹಾಸಿಗೆ ತಂದು ಹಾಕಿದ ದಿನದಿಂದ ಅವರಿಗೆ ಅವನೇ ಮಗ, ಅವನೇ ಅಳಿಯ. ಮೇಷ್ಟ್ರು ಕೊಟ್ಟಿದ್ದ ಪ್ರಪಂಚದ ಭೂಪಟ ಮಾತ್ರ ಕಪಾಟಿನ ಹಿಂದೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಮೇಷ್ಟ್ರು ಆ ಲೆಕ್ಕವನ್ನೆಲ್ಲ ಇಷ್ಟು ವರ್ಷ ನುಂಗಿಕೊಂಡಿದ್ದರು. ಕೊಂಬು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ಕೋಪದಲ್ಲಿ ಕೈ ಎತ್ತುವವನು ಮೂರ್ಖ ಎಂಬುದು ಮೇಷ್ಟ್ರ ಅಭಿಪ್ರಾಯ. ದಡ್ಡರು ವಿಷ ಹಾಕುತ್ತಾರೆ, ಮಹಡಿಯಿಂದ ತಳ್ಳುತ್ತಾರೆ, ಸಿಕ್ಕಿಬೀಳುತ್ತಾರೆ. ಮೇಷ್ಟ್ರು ಏನನ್ನೂ ಹಾಕುವವರಲ್ಲ. ಇರಬೇಕಾದ್ದೊಂದನ್ನು ಇಲ್ಲದಂತೆ ಮಾಡುವವರು. ಭೂಮಿಯ ಮೇಲೆ ಒಂದು ಜಾಗವಿದೆ. ಅಲ್ಲಿ ಒಂದು ಕ್ಯಾನು ನೀರು ತಪ್ಪಿಸಿದರೆ ಸಾಕು, ಉಳಿದ ಕೆಲಸವನ್ನು ಸೂರ್ಯನೇ ಸಂಬಳವಿಲ್ಲದೆ ಮಾಡುತ್ತಾನೆ. ಅಷ್ಟಕ್ಕೂ ಮರಳು ಎಂಬ ಪದಕ್ಕೆ ಹಿಂತಿರುಗು ಎಂಬ ಅರ್ಥವೂ ಉಂಟು. ಮರಳುಗಾಡಿಗೆ ಇಬ್ಬರು ಹೋಗುವುದು, ಒಬ್ಬರು ಮರಳುವುದು. ಈ ಸಾಲು ಹೊಳೆದಾಗ ಮೇಷ್ಟ್ರಿಗೆ ಯಾರಿಗಾದರೂ ಹೇಳಿ ಚಪ್ಪಾಳೆ ಗಿಟ್ಟಿಸಬೇಕೆನಿಸಿತು, ಕಷ್ಟಪಟ್ಟು ತಡೆದುಕೊಂಡರು.

ಮುಂದಿನ ಸಲ ಎಲ್ಲರೂ ಸೇರಿದಾಗ ಅವರೇ ಮಾತು ತೆಗೆದರು. “ನೀನು ಹೇಳಿದ್ದು ಸರಿ ಕಣಪ್ಪ. ನೋಡದೆ ಮಾತಾಡಬಾರದು. ರಜೆಗೆ ಮರಳುಗಾಡಲ್ಲಿ ನಡೆದು ಬರೋಣ ಅಂತಿದೀನಿ. ಡೇರೆ ಹಾಕ್ಕೊಂಡು, ನಾಲ್ಕಾರು ದಿನ. ಒಬ್ಬನೇ ಹೋಗೋಕೆ ಬೇಜಾರು.”

ಷಡ್ಡಕ ಎದ್ದು ಬಂದು ಮೇಷ್ಟ್ರನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರು. “ನಾನು ಬರ್ತೀನಿ. ಅವತ್ತು ತಮಾಷೆಗೆ ಅಂದಿದ್ದು ನಿಮಗೆ ಬೇಜಾರಾಗಿದೆಯೇನೋ ಅಂತ ನಿದ್ದೆ ಬಂದಿರಲಿಲ್ಲ ಗೊತ್ತಾ.” ಹಾಸಿಗೆ ಮಾರುವವನಿಗೇ ನಿದ್ದೆ ಬರಲಿಲ್ಲವಂತೆ. ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಅಂದಿನಿಂದ ಮೇಷ್ಟ್ರು ಮತ್ತೆ ವಿದ್ಯಾರ್ಥಿಯಾದರು. ಮರುಭೂಮಿಯಲ್ಲಿ ನಡೆದವರ ಅನುಭವಗಳನ್ನು ಓದಿದರು. ಬೆಳಗಿನ ತಂಪಿನಲ್ಲಿ, ಸಂಜೆಯ ಇಳಿಬಿಸಿಲಿನಲ್ಲಿ ನಡೆಯುವುದು. ನಡುಹಗಲು ನೆರಳಿನಲ್ಲಿ ಬಿದ್ದುಕೊಳ್ಳುವುದು. ಹೊಸ ಬೂಟು ಹಾಕಿಕೊಂಡು ಹೋಗದೆ ಊರಲ್ಲೇ ತುಳಿದು ಹಳತು ಮಾಡಿಕೊಳ್ಳುವುದು. ಎಲ್ಲಕ್ಕಿಂತ ಮುಖ್ಯ, ಇಡೀ ಪ್ರವಾಸದ ನೀರನ್ನು ಯಾರೂ ಬೆನ್ನ ಮೇಲೆ ಹೊರಲಾರರು. ಮೊದಲೇ ಜೀಪಿನಲ್ಲಿ ಹೋಗಿ ಒಂದೊಂದು ತಂಗುವ ಜಾಗದಲ್ಲೂ ಕ್ಯಾನು ಹೂತು, ಮೇಲೆ ಕಲ್ಲು ಪೇರಿಸಿ ಗುರುತು ಮಾಡಿ ಬರಬೇಕು. ಈ ಸಾಲನ್ನು ಓದಿದಾಗ ಮೇಷ್ಟ್ರು ಪುಸ್ತಕ ಮುಚ್ಚಿದರು. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು.

ಏನನ್ನೂ ಅವರು ಬರೆದಿಡಲಿಲ್ಲ. ಒಂದು ತಪ್ಪಿಗೆ ಮಕ್ಕಳ ಕೈಲಿ ಪುಟಗಟ್ಟಲೆ ಬರೆಸುತ್ತಿದ್ದವರು ಈಗ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡರು. ಅವಸರವನ್ನೂ ಪಡಲಿಲ್ಲ. ಕಾಯುವುದು, ಕಾಯಿಸುವುದು ಎರಡೂ ಅವರಿಗೆ ಕರಗತ. ಅವರ ತರಗತಿಯಲ್ಲಿ ಗಂಟೆ ಹೊಡೆಯುವವರೆಗೆ ಯಾವ ಹುಡುಗನೂ ಕಿರುಬೆರಳು ಎತ್ತುವಂತಿರಲಿಲ್ಲ. ಎತ್ತಿದರೆ, “ಒಂಟೆ ತಡ್ಕೊಳ್ಳಲ್ವಾ? ಕೂತ್ಕೋ” ಎನ್ನುತ್ತಿದ್ದರು. ಒಂಟೆಯ ಬಗ್ಗೆ ಅವರಿಗೆ ಬಹಳ ಗೌರವ.

ಮನೆಯಲ್ಲಿ ಹೆಂಡತಿಗೆ ನಂಬಿಕೆಯೇ ಬರಲಿಲ್ಲ. “ಬಸ್ಸಲ್ಲಿ ಕೂತ್ರೇನೇ ಸೊಂಟ ಹಿಡ್ಕೊಳ್ಳುತ್ತೆ ಅಂತೀರಿ. ಮರಳಲ್ಲಿ ನಡೀತೀರಾ?”

“ನಿನ್ನ ತಂಗಿ ಗಂಡ ಇರ್ತಾನಲ್ಲ. ಬಿದ್ರೆ ಹೊತ್ಕೊಂಡು ಬರ್ತಾನೆ.”

“ಅವರಾದ್ರೆ ಹೊತ್ತಾರು,” ಎಂದು ಅವಳು ಬಟ್ಟೆ ಮಡಿಸತೊಡಗಿದಳು. ಮೇಷ್ಟ್ರ ಮನಸ್ಸಿನಲ್ಲಿ ಎಲ್ಲೋ ಒಂದು ಎಳೆಯಷ್ಟು ಹಿಂಜರಿಕೆ ಇದ್ದಿದ್ದರೆ ಅದೂ ಆ ಮಾತಿಗೆ ಹರಿಯಿತು.

ಷಡ್ಡಕ ಭಕ್ತಿಯಿಂದ ತಾಲೀಮು ಮಾಡಿದ. ಬೆನ್ನಿಗೆ ಚೀಲ ಕಟ್ಟಿಕೊಂಡು ಪಾರ್ಕಿನಲ್ಲಿ ಸುತ್ತು ಹಾಕಿದ. ಅಂಗಡಿಯ ಮೆಟ್ಟಿಲು ಹತ್ತಿ ಇಳಿದ. ಗಿರಾಕಿಗಳಿಗೆಲ್ಲ “ನಮ್ಮ ಮೇಷ್ಟ್ರ ಜೊತೆ ಹೋಗ್ತಿದೀನಿ, ಮರುಭೂಮಿ ಅಂದ್ರೆ ಅವರಿಗೆ ಅಂಗೈ ಇದ್ದ ಹಾಗೆ” ಎಂದು ಹೇಳಿಕೊಂಡು ಬಂದ. ಒಂದು ದಿನ ಓಡಿ ಬಂದು ಕೇಳಿದ. “ಮೇಷ್ಟ್ರೇ, ಸ್ಯಾಟಲೈಟ್ ಫೋನು ಬಾಡಿಗೆಗೆ ಸಿಗುತ್ತಂತೆ. ತರ್ಲಾ?”

“ಹಾಗೇ ಒಂದು ಫ್ರಿಜ್ಜೂ ತಾ,” ಎಂದರು ಮೇಷ್ಟ್ರು.

ಅವನು ನಾಚಿಕೊಂಡು ಫೋನಿನ ಮಾತು ಬಿಟ್ಟ. ಆದರೆ ಹಾಸಿಗೆಯ ವಿಷಯದಲ್ಲಿ ಪಟ್ಟು ಸಡಿಲಿಸಲಿಲ್ಲ. ಅಂಗಡಿಯ ತೆಳು ಫೋಮ್ ಹಾಸಿಗೆಯೊಂದನ್ನು, ಮೇಲೆ ಕುಂಬಳಕಾಯಿ ಗಾತ್ರದ ಕೆಂಪು ಹೂಗಳಿದ್ದದ್ದು, ಸುರುಳಿ ಸುತ್ತಿ ಚೀಲದ ಮೇಲೆ ಕಟ್ಟಿಕೊಂಡ. ಬರಿ ನೆಲದ ಮೇಲೆ ಮಲಗಿದರೆ ಅಂಗಡಿಯ ಮರ್ಯಾದೆ ಹೋಗುತ್ತದಂತೆ. ಹೊರಲಿ ಎಂದುಕೊಂಡರು ಮೇಷ್ಟ್ರು. ಹೊತ್ತಷ್ಟೂ ಬೆವರು, ಬೆವರಿದಷ್ಟೂ ಬೇಗ.

ನೀರು ಹೂಳುವ ಕೆಲಸಕ್ಕೆ ಅವರೊಬ್ಬರೇ ಹೋದರು. ಷಡ್ಡಕನಿಗೆ ಅಂಗಡಿ ಬಿಡಲಾಗದ ದಿನವನ್ನೇ ಆರಿಸಿಕೊಂಡಿದ್ದರು. ಮೊದಲ ತಂಗುದಾಣದಲ್ಲಿ ಗಟ್ಟಿ ಕ್ಯಾನು ಹೂತರು, ಎರಡನೆಯದರಲ್ಲೂ ಹೂತರು. ಮೂರನೆಯದು ಎಲ್ಲಕ್ಕಿಂತ ದೂರದ್ದು. ಅಲ್ಲಿಂದ ಹಿಂದಕ್ಕೆ ಬರುವುದೂ ಕಷ್ಟ, ಮುಂದಕ್ಕೆ ಹೋಗುವುದೂ ಕಷ್ಟ, ಮೊಬೈಲಿಗೆ ಸಿಗ್ನಲ್ ಇಲ್ಲ. ಅಲ್ಲಿ ಹೂಳುವ ಕ್ಯಾನುಗಳ ತಳದಂಚಿನಲ್ಲಿ ಕಾದ ಸೂಜಿಯಿಂದ ಕೂದಲೆಳೆಯಷ್ಟು ತೂತು ಮಾಡಿ, ಕೆಳಗೊಂದು ಚೂಪುಗಲ್ಲು ಇಟ್ಟರು. ಯಾರು ನೋಡಿದರೂ ಕಲ್ಲನ್ನೇ ಬಯ್ಯಬೇಕು. ಆಮೇಲೆ ಡಾಂಬರು ರಸ್ತೆ ಕಾಣುವ ಬಂಡೆಸಾಲಿಗೆ ಹೋಗಿ, ಒಂದು ಪೊಟರೆಯಂಥ ನೆರಳಿನಲ್ಲಿ ತಮಗೆಂದು ಎರಡು ಕ್ಯಾನು, ಒಂದಿಷ್ಟು ಬಿಸ್ಕತ್ತನ್ನು ಜರಡಿ ಹಿಡಿದ ಹಿಟ್ಟಿನಂಥ ನುಣ್ಣನೆಯ ಮರಳಿನಲ್ಲಿ ಮುಚ್ಚಿಟ್ಟರು. ದಾರಿಯಲ್ಲಿ ಕಾವಲುಠಾಣೆಯವರಿಗೆ ತಮ್ಮ ಹೆಸರು, ಮೇಷ್ಟ್ರ ಕೆಲಸ, ಜೊತೆಗೆ ಬರುವ ಷಡ್ಡಕನ ಹೆಸರು ಎಲ್ಲ ಹೇಳಿ, ಹಿಂತಿರುಗುವ ದಿನವನ್ನು ಮಾತ್ರ ಧಾರಾಳವಾಗಿ ಮುಂದಕ್ಕೆ ಹಾಕಿ ಹೇಳಿದರು. ಅವಸರಕ್ಕೆ ಯಾರೂ ಹುಡುಕಿಕೊಂಡು ಬರಬಾರದಲ್ಲ.

ಉಳಿದದ್ದು ನಟನೆ. ಅದರಲ್ಲೂ ಮೇಷ್ಟ್ರು ಏನನ್ನೂ ಅದೃಷ್ಟಕ್ಕೆ ಬಿಡುವವರಲ್ಲ. ನೀರಿಲ್ಲದೆ ಬಳಲಿದವನ ತುಟಿ ಹೇಗೆ ಬಿರಿಯುತ್ತದೆ, ನಾಲಿಗೆ ಹೇಗೆ ಅಂಗುಳಕ್ಕೆ ಅಂಟುತ್ತದೆ, ಗಂಟಲು ಹೇಗೆ ಗೊಗ್ಗರಾಗುತ್ತದೆ ಎಲ್ಲ ಓದಿಕೊಂಡರು. ತುಟಿಗೆ ಉಪ್ಪು ಸವರಿ ಬಿಸಿಲಿಗೆ ಹಿಡಿದರೆ ಸಾಕು. ಗೊಗ್ಗರು ದನಿ ಮೇಷ್ಟ್ರುಗಳಿಗೆ ಹುಟ್ಟಿನಿಂದ ಬಂದದ್ದು. ಗಂಟಲಿನಿಂದ ಕೆಳಗೆ ಏನಾಗುತ್ತದೆ ಎಂಬ ಭಾಗವನ್ನು ಅವರು ಓದಲಿಲ್ಲ. ಹೊಟ್ಟೆ, ಕರುಳು, ಮೂತ್ರಕೋಶ ಇವೆಲ್ಲ ವಿಜ್ಞಾನದ ಮೇಡಂ ಪೀರಿಯಡ್ಡು. ಆಯಮ್ಮನ ವಿಷಯಕ್ಕೆ ಕೈ ಹಾಕಲು ಅವರಿಗೆ ಮನಸ್ಸಿರಲಿಲ್ಲ.

ಹೊರಟರು. ಮೊದಲೆರಡು ದಿನ ಎಲ್ಲ ಸುಸೂತ್ರ. ದಿಬ್ಬಗಳು ಪಾಠದಲ್ಲಿದ್ದ ಹಾಗೇ ಇದ್ದವು. ಕಾಲು ಮಾತ್ರ ಪಾಠದಲ್ಲಿದ್ದುದಕ್ಕಿಂತ ಆಳಕ್ಕೆ ಹೂತುಕೊಳ್ಳುತ್ತಿತ್ತು. ಸಂಜೆ ಡೇರೆ ಹಾಕುವಾಗ ಗೂಟ ನಿಲ್ಲದೆ ಮೇಷ್ಟ್ರು ಒದ್ದಾಡಿದರೆ, ಷಡ್ಡಕ ಚೀಲದಲ್ಲಿ ಮರಳು ತುಂಬಿ ಹಗ್ಗಕ್ಕೆ ಕಟ್ಟಿ ಹೂತ, ಡೇರೆ ಅಲುಗಲಿಲ್ಲ. “ನೀವೇ ಯಾವಾಗಲೋ ಹೇಳಿದ್ರಲ್ಲ ಮೇಷ್ಟ್ರೇ,” ಎಂದ. ಹೇಳಿದ್ದರೋ ಇಲ್ಲವೋ ಮೇಷ್ಟ್ರಿಗೆ ನೆನಪಿರಲಿಲ್ಲ. ದಿಬ್ಬದ ನೆತ್ತಿಯಲ್ಲಿ ಕೂತು ಅವನು ಸುಮ್ಮನೆ ನೋಡಿದ, ಸುಮ್ಮನಿರುವುದು ಅವನಿಗೆ ಬರುತ್ತದೆ ಎಂದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆಮೇಲೆ, “ನೀವು ನೋಡದೇನೇ ಇದನ್ನ ಇಷ್ಟು ಚೆನ್ನಾಗಿ ಹೇಳ್ತಿದ್ರಲ್ಲ, ಆ ಕೊಂಬು ನಾನು ವಾಪಸ್ ತಗೋತೀನಿ,” ಎಂದ. ಮೇಷ್ಟ್ರಿಗೆ ಒಂದು ಗಳಿಗೆ ಏನೋ ಆಯಿತು. ಆದರೆ ಕ್ಯಾನಿನ ತೂತನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಮೈಕೊಡವಿಕೊಂಡು ಎದ್ದರು.

ಮೂರನೆಯ ತಂಗುದಾಣದಲ್ಲಿ ಕಲ್ಲಿನ ಗುರುತು ಸಿಕ್ಕಿತು. ಷಡ್ಡಕ ಉತ್ಸಾಹದಿಂದ ಮರಳು ತೋಡಿ ಕ್ಯಾನು ಎತ್ತಿದ. ಅದು ಹಗುರಾಗಿ ಮೇಲೆ ಬಂತು. ಇನ್ನೊಂದೂ ಹಾಗೇ. ತಳದಲ್ಲಿ ಚೂಪುಗಲ್ಲು. ಮೇಷ್ಟ್ರು ಹಣೆ ಬಡಿದುಕೊಂಡರು, ತಮ್ಮನ್ನೇ ಬೈದುಕೊಂಡರು, ಮರಳಿನ ಮೇಲೆ ಕುಸಿದು ಕೂತರು. ತಾಲೀಮಿಗಿಂತ ಚೆನ್ನಾಗಿಯೇ ಬಂತು. ಷಡ್ಡಕನೇ ಅವರನ್ನು ಸಮಾಧಾನ ಮಾಡಿದ. ಮುಂದೆ ಏನೆಂದು ಯೋಚಿಸಿ, ಮೇಷ್ಟ್ರು ತಮ್ಮ ತ್ಯಾಗವನ್ನು ಮುಂದಿಟ್ಟರು. ದಾರಿ ಬಲ್ಲವರು ತಾವು, ರಸ್ತೆಗೆ ಹೋಗಿ ಜನ ಕರೆದುಕೊಂಡು ಬರಬೇಕು. ಭಾರದ ಮೈಯವನು ಅವನು, ಡೇರೆಯ ನೆರಳು ಬಿಟ್ಟು ಕದಲಬಾರದು.

“ಸರಿ ಅಣ್ಣ,” ಎಂದ ಷಡ್ಡಕ. ಇಷ್ಟು ವರ್ಷದಲ್ಲಿ ಅಣ್ಣ ಎಂದದ್ದು ಅದೇ ಮೊದಲು. ತನ್ನ ಬಾಟಲಿಯಲ್ಲಿ ಉಳಿದಿದ್ದ ಅರ್ಧ ನೀರನ್ನು ಅವರ ಕೈಗಿಟ್ಟ. “ನಡೆಯೋರು ನೀವು. ನಾನು ಮಲಗೇ ಇರ್ತೀನಲ್ಲ, ನನಗ್ಯಾಕೆ? ಮಲಗೋದ್ರಲ್ಲಿ ನನ್ನ ಬಿಟ್ರಿಲ್ಲ.”

ಮೇಷ್ಟ್ರು ಬೇಡವೆಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ತೆಗೆದುಕೊಂಡರು. ದಿಬ್ಬ ದಾಟಿದ ಮೇಲೆ ಕುಡಿದರು.

ಬಂಡೆಸಾಲಿನ ನೆರಳು ತಂಪಾಗಿತ್ತು. ಎರಡು ದಿನ ಅವರು ಬಿಸ್ಕತ್ತು ತಿಂದು, ನೀರು ಕುಡಿದು, ಕಾಲು ನೀಡಿಕೊಂಡು ಮಲಗಿದರು. ದೂರದ ರಸ್ತೆಯಲ್ಲಿ ಲಾರಿಗಳು ಇರುವೆಯ ಸಾಲಿನಂತೆ ಹೋಗುತ್ತಿದ್ದವು. ಆಗಾಗ ಷಡ್ಡಕನ ನೆನಪಾಗುತ್ತಿತ್ತು. ಆಗೆಲ್ಲ ಅವರು ಮಗ್ಗುಲು ಬದಲಾಯಿಸುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಹೊರಡುವಾಗ ಎರಡನೆಯ ಕ್ಯಾನಿನಲ್ಲಿ ಇನ್ನೂ ಸಾಕಷ್ಟು ನೀರಿತ್ತು. ಕ್ಯಾನು ಚಪ್ಪಟೆ ಮಾಡಿ ಹೂಳಬೇಕು. ನೀರನ್ನೇನು ಮಾಡುವುದು? ಮರಳಿಗೆ ಸುರಿಯಬಹುದಿತ್ತು. ಆದರೆ ‘ಹನಿ ನೀರೂ ಪೋಲಾಗಬಾರದು’ ಎಂದು ವರ್ಷವರ್ಷವೂ ಭಾಷಣ ಸ್ಪರ್ಧೆಗೆ ವಿಷಯ ಕೊಡುತ್ತಿದ್ದ ಕೈ ಅದು, ಸುರಿಯಲು ಬಗ್ಗಲಿಲ್ಲ. ಮೇಷ್ಟ್ರು ಸಾಕ್ಷಿಯನ್ನು ಗಟಗಟನೆ ಕುಡಿದು ಮುಗಿಸಿದರು. ಆಮೇಲೆ ತುಟಿಗೆ ಉಪ್ಪು ಸವರಿ, ತಲೆಗೆ ಮಣ್ಣು ಮೆತ್ತಿಕೊಂಡು, ಒಂದು ಬೂಟಿನ ಲೇಸು ಬಿಚ್ಚಿ, ತೂರಾಡುತ್ತ ರಸ್ತೆಗೆ ಇಳಿದು ಮೊದಲು ಬಂದ ಲಾರಿಯ ಮುಂದೆ ಬಿದ್ದರು.

ಲಾರಿಯ ಡ್ರೈವರ್ ಅವರನ್ನು ಎತ್ತಿ ಸೀಟಿಗೆ ಒರಗಿಸಿ ಬಾಟಲಿ ಬಾಯಿಗಿಟ್ಟ. ಬಾಯಾರಿ ಸಾಯುತ್ತಿರುವವರು ಬೇಡವೆನ್ನಲಾದೀತೇ? ಪೂರ್ತಿ ಕುಡಿದರು. ಅವನು ಇನ್ನೊಂದು ಕೊಟ್ಟ, ಅದನ್ನೂ ಕುಡಿದರು. ಹಳ್ಳದಿಣ್ಣೆಯ ರಸ್ತೆಯಲ್ಲಿ ಎತ್ತಿ ಕುಕ್ಕಿಸಿಕೊಂಡು ಆ ಕಡೆಗೆಲ್ಲ ಒಂದೇ ಒಂದಾಗಿದ್ದ ಸಣ್ಣ ಆಸ್ಪತ್ರೆಗೆ ಬಂದಿಳಿದಾಗ ನರ್ಸು ಉಪ್ಪು ಸಕ್ಕರೆ ಕಲಸಿದ ನೀರನ್ನು ಜಗ್ಗಿನಲ್ಲೇ ತಂದಳು. ಮೇಷ್ಟ್ರು ಕೈ ನಡುಗಿಸುತ್ತ ಅದನ್ನೂ ಮುಗಿಸಿದರು. ಡಾಕ್ಟರಮ್ಮ ಪಕ್ಕದ ಕೋಣೆಯಿಂದ ಇಣುಕಿ, ಇವರು ಕಣ್ಣು ಬಿಟ್ಟು ಕೂತಿರುವುದನ್ನು ನೋಡಿ, ಮತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪೊಲೀಸ್ ಅಧಿಕಾರಿ ಬಂದು ಕುರ್ಚಿ ಎಳೆದುಕೊಂಡರು.

“ಗಾಬರಿಯಾಗಬೇಡಿ. ಕಾವಲುಠಾಣೇಲಿ ಹೆಸರು ಹೇಳಿ ಹೋಗಿದ್ರಲ್ಲ, ನಿಮ್ಮ ಷಡ್ಡಕರು ಸಿಕ್ಕಿದಾರೆ. ದಿಬ್ಬದ ಮೇಲೆ ಕೆಂಪು ಹೂವಿನ ಹಾಸಿಗೆ ನೋಡಿ ಒಂಟೆ ಕಾಯೋರು ಹೋಗಿದಾರೆ. ಡೇರೆ ಬಿಟ್ಟು ದಿಬ್ಬ ಹತ್ತಿ, ಅದನ್ನ ಹೊದ್ಕೊಂಡು ಅದರಡೀಲಿ ಮಲಗಿದ್ರಂತೆ. ನಿನ್ನೆ ಸಂಜೆ ತಂದು ಸೇರಿಸಿದ್ರು. ಜೀವ ಇದೆ, ಪ್ರಜ್ಞೆ ಇಲ್ಲ.”

ಆ ದರಿದ್ರ ಹಾಸಿಗೆ. ಆದರೆ ಮರುಕ್ಷಣವೇ ಮೇಷ್ಟ್ರ ಬುದ್ಧಿ ಲೆಕ್ಕ ಹಾಕಿತು. ಅವನು ಬದುಕಿದರೂ ಏನು ಹೇಳಿಯಾನು? ಕ್ಯಾನು ಸೋರಿತ್ತು, ಕಲ್ಲು ಚುಚ್ಚಿತ್ತು, ಅಣ್ಣ ಪ್ರಾಣದ ಹಂಗು ತೊರೆದು ಸಹಾಯ ತರಲು ಹೋದರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಅವರು ಮುಖ ಮುಚ್ಚಿಕೊಂಡು ಬಿಕ್ಕಿದರು, ಗೊಗ್ಗರು ದನಿಯಲ್ಲಿ ಎಲ್ಲವನ್ನೂ ಹೇಳಿದರು. ದಾರಿ ತಪ್ಪಿದ್ದು, ದಿಬ್ಬಗಳಲ್ಲಿ ಅಲೆದದ್ದು, ಬಿಸಿಲಿನಲ್ಲಿ ಬಿದ್ದು ಎದ್ದದ್ದು. ಮಾವನ ಮನೆಯಲ್ಲಿ ಈ ಕತೆಯನ್ನು ಹೇಳುವ ದಿನವನ್ನೂ ನೆನೆದರು. ಇನ್ನು ಯಾವ ನಾಲಿಗೆ ಕೊಂಬು ಸೇರಿಸುತ್ತದೋ ನೋಡೋಣ.

“ನೀವು ಕೊನೇ ಸಲ ನೀರು ಕುಡಿದಿದ್ದು ಯಾವಾಗ?” ಅಧಿಕಾರಿ ಬರೆದುಕೊಳ್ಳುತ್ತ ಕೇಳಿದರು.

“ಅವನನ್ನ ಬಿಟ್ಟು ಹೊರಟಾಗ. ತನ್ನ ಪಾಲಿನ ಅರ್ಧ ಬಾಟಲಿ ಕೊಟ್ಟ. ಆಮೇಲೆ ಈ ಲಾರಿಯೋನು ಕೊಡೋವರೆಗೂ ಒಂದು ಹನಿ ಕಂಡಿಲ್ಲ ಸ್ವಾಮಿ. ಎರಡು ದಿನ. ಮೂರೇ ಅನ್ನಿ.”

ಅಧಿಕಾರಿ ಅದನ್ನು ಬರೆದು ತಲೆ ಎತ್ತಿದಾಗ ಮೇಷ್ಟ್ರು ಕುರ್ಚಿಯಲ್ಲಿ ಕಾಲಿನ ಮೇಲೆ ಕಾಲು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದರು. ಒಂಟೆಯನ್ನು ನೆನೆಸಿಕೊಂಡು ಸಾಕಷ್ಟು ತಡೆದದ್ದಾಗಿತ್ತು. ಇನ್ನು ಆಗುವುದಿಲ್ಲ ಎನಿಸಿದಾಗ, ಮಕ್ಕಳಿಂದ ಅಂಟಿಕೊಂಡಿದ್ದ ಅಭ್ಯಾಸದಂತೆ ಅವರ ಬಲಗೈ ತಾನಾಗಿ ಮೇಲೆ ಹೋಯಿತು, ಕಿರುಬೆರಳು ನೆಟ್ಟಗೆ ನಿಂತಿತು. “ತಪ್ಪು ತಿಳಿಬೇಡಿ. ತುಂಬಾ ಅವಸರ, ಒಂದಕ್ಕೆ ಹೋಗಿ ಬರ್ತೀನಿ.” ಅಧಿಕಾರಿ ಸರಿ ಎನ್ನುತ್ತಿದ್ದರೋ ಏನೋ. ಆದರೆ ಪಕ್ಕದ ಕೋಣೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಡಾಕ್ಟರಮ್ಮ ಆ ಬೆರಳನ್ನೇ ನೋಡುತ್ತಿದ್ದರು. “ಕೂತ್ಕೊಳ್ಳಿ ಮೇಷ್ಟ್ರೇ,” ಎಂದರು ಮೆಲ್ಲಗೆ. “ಒಳಗೆ ಮಲಗಿದಾರಲ್ಲ ನಿಮ್ಮ ಷಡ್ಡಕರು, ನಿನ್ನೆ ಸಂಜೆಯಿಂದ ಅವರಿಗೆ ಬಾಟಲಿ ಮೇಲೆ ಬಾಟಲಿ ಏರಿಸ್ತಿದೀನಿ. ಅವರಿಗೆ ಇನ್ನೂ ಒಂದು ಹನಿ ಬಂದಿಲ್ಲ. ಎರಡು ದಿನ ನೀರಿಲ್ಲದ ಮೈ, ಕೊಟ್ಟಿದ್ದನ್ನೆಲ್ಲ ತಾನೇ ಕುಡ್ಕೊಳ್ಳುತ್ತೆ, ಒಂದಕ್ಕೆ ಅಂತ ಹೊರಗೆ ಬಿಡಲ್ಲ. ನಿಮಗೆ ಹೇಗೆ ಇಷ್ಟು ಬೇಗ ಬಂತು?” ಅಧಿಕಾರಿ ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ಪೆನ್ನಿನ ಕ್ಯಾಪು ಮುಚ್ಚಿದರು. ಎತ್ತಿದ ಕಿರುಬೆರಳನ್ನು ಇಳಿಸಬೇಕೆಂದು ಮೇಷ್ಟ್ರಿಗೆ ಹೊಳೆಯಲೇ ಇಲ್ಲ.